ಹುಳದ ಮನೆಯಲ್ಲಿ ಕಾಗೆಬಂಗಾರ

ಕೆಂಚಾರ್ಲಹಳ್ಳಿಯ ತಿರುಮಲೇಶ್ ಸೋಪು ಮಾಡಲು ಕಲಿತದ್ದು ಒಂದೇ ದಿನದಲ್ಲಿ. ಆ ದಿನದಲ್ಲೂ ಊಟಕ್ಕೆ ಒಂದೂವರೆ ಗಂಟೆ, ಗ್ರೂಪ್ ಫೋಟೋಗೆ ಮುಕ್ಕಾಲು ಗಂಟೆ ಹೋಯಿತು. ಉಳಿದ ಹೊತ್ತಿನಲ್ಲಿ ಚಿಕ್ಕಬಳ್ಳಾಪುರದ ಕಲ್ಯಾಣಮಂಟಪವೊಂದರ ಊಟದ ಹಾಲಿನಲ್ಲಿ, ಬೆಂಗಳೂರಿನಿಂದ ಬಂದ ಮೇಡಂ ಒಬ್ಬರು ನಲವತ್ತು ಜನರಿಗೆ ಎಣ್ಣೆ ಕಾಯಿಸಿ, ಕಾಸ್ಟಿಕ್ ಸೋಡಾ ಕದಡಿ, ಅದಕ್ಕೆ ಮಿರಮಿರ ಮಿಂಚುವ ಪುಡಿ ಬೆರೆಸಿ ತೋರಿಸಿದರು. ಸಂಜೆಗೆ ಎಲ್ಲರ ಕೈಗೂ ಒಂದೊಂದು ಸರ್ಟಿಫಿಕೇಟು ಬಂತು. ತಿರುಮಲೇಶ್ ತನ್ನದಕ್ಕೆ ಗಾಜು ಹಾಕಿಸಿ, ನಡುಮನೆಯಲ್ಲಿ ಮನೆದೇವರ ಪಟಕ್ಕಿಂತ ಒಂದು ಗೇಣು ಮೇಲಕ್ಕೆ ತೂಗುಹಾಕಿದ.

ಹೆಂಡತಿ ಮುನಿಲಕ್ಷ್ಮಿ ಅದನ್ನು ಕತ್ತೆತ್ತಿ ನೋಡಿದಳು.

"ಏನಂತ ಬರ್ದಿದೆ ಬಾವ?"

"ಸೋಪ್ ಆರ್ಟಿಸ್ಟ್ ಅಂತ ಕಣೇ. ಸೋಪಿನ ಕಲೆಯಲ್ಲಿ ಪಳಗಿದೋನು ಅಂತ ಅರ್ಥ."

"ಅದಕ್ಕೆ ಚಿಕ್ಕಬಳ್ಳಾಪುರಕ್ಯಾಕೆ ಹೋಗ್ಬೇಕಿತ್ತು? ನಮ್ಮಪ್ಪನಿಗೆ ಮೂರು ವರ್ಷ ಸೋಪು ಹಾಕಿ ತಾನೆ ನೀನು ನನ್ನ ಕಟ್ಕೊಂಡಿದ್ದು!"

ಅವನು ಅವಳ ಸೋದರತ್ತೆಯ ಮಗ. ಚಿಕ್ಕಂದಿನಲ್ಲಿ ಮೂಗು ಸುರಿಸಿಕೊಂಡು ಓಡಾಡಿದ್ದನ್ನು ಕಂಡವಳಿಗೆ, ತಾಳಿ ಕಟ್ಟಿದ ಮಾತ್ರಕ್ಕೆ ಬಹುವಚನ ನಾಲಿಗೆಗೆ ಹತ್ತಲಿಲ್ಲ.

ಸೋಪಿಗೆ ಮುಂಚೆ ತಿರುಮಲೇಶ್ ಲೋಳೆಸರ ಬೆಳೆದಿದ್ದ. ಅದಕ್ಕೂ ಮುಂಚೆ ಎಮು ಪಕ್ಷಿ ಸಾಕಿದ್ದ. ಎರಡರ ನಡುವೆ ಚಿಂತಾಮಣಿ ಬಸ್‌ಸ್ಟ್ಯಾಂಡಿನ ಹತ್ತಿರ ಹೆಲ್ಮೆಟ್ ತೊಳೆಯುವ ಮೆಷಿನ್ ಇಟ್ಟಿದ್ದ. ಹೆಲ್ಮೆಟ್ಟನ್ನು ಪೊಲೀಸರು ಕಂಡಾಗ ಮಾತ್ರ ಹಾಕುವ ಊರಿನಲ್ಲಿ ಅದು ಕೊಳೆಯಾಗುವುದಾದರೂ ಯಾವಾಗ ಎಂದು ಅವನು ಯೋಚಿಸಿರಲಿಲ್ಲ. ಎಮುಗಳಲ್ಲೊಂದು ಬೇಲಿ ಮುರಿದು ಓಡಿದ್ದು, ಪಕ್ಕದೂರಿನ ಮದುವೆಯ ವಿಡಿಯೋದಲ್ಲಿ ಗಂಡಿನ ಕಡೆಯವರ ಸಾಲಿನಲ್ಲಿ ಪತ್ತೆಯಾಯಿತು. ಸೋತದ್ದನ್ನೆಲ್ಲ ಅವನು ಅನುಭವ ಎಂದು ಕರೆಯುತ್ತಿದ್ದ. ಹಾಗೆ ನೋಡಿದರೆ ತಾಲ್ಲೂಕಿನಲ್ಲಿ ಅವನಷ್ಟು ಅನುಭವಸ್ಥ ಇನ್ನೊಬ್ಬನಿರಲಿಲ್ಲ.

ಈ ಅನುಭವಗಳಿಗೆಲ್ಲ ಅನ್ನ ಹಾಕಿದ್ದು ಹಿತ್ತಲಿನ ಹುಳದ ಮನೆ. ಹತ್ತೊಂಬತ್ತನೇ ವಯಸ್ಸಿಗೆ ಮನೆ ತುಂಬಿದ ಮುನಿಲಕ್ಷ್ಮಿ ಅಲ್ಲಿ ಇಪ್ಪತ್ತೇಳು ವರ್ಷದಿಂದ ರೇಷ್ಮೆಹುಳು ಸಾಕುತ್ತಿದ್ದಳು. ಮೂರು ಉದ್ದದ ಸ್ಟ್ಯಾಂಡು, ಒಂದೊಂದಕ್ಕೂ ಮೂರಂತಸ್ತು, ಕಿಟಕಿಗೆ ಸೊಳ್ಳೆಪರದೆ, ಬಾಗಿಲಲ್ಲಿ ಕಾಲು ಅದ್ದಲು ಸುಣ್ಣದ ನೀರಿನ ತಟ್ಟೆ. ಒಳಗೆ ಹೋಗುವವರು ಹೂ ಮುಡಿದಿರಬಾರದು, ಪೌಡರು ಹಚ್ಚಿರಬಾರದು, ಬೀಡಿ ಸೇದಿರಬಾರದು. ಹುಳುವಿಗೆ ವಾಸನೆ ಆಗದು. ಊದುಬತ್ತಿ ಹಚ್ಚಿಕೊಂಡು ಒಳಗೆ ಬಂದ ಸ್ವಂತ ಅತ್ತೆಯನ್ನೇ ಅವಳು ಒಮ್ಮೆ ರಟ್ಟೆ ಹಿಡಿದು ಹೊರಗೆ ಬಿಟ್ಟಿದ್ದಳು. ಅವಳ ಬಿಳಿಗೂಡಿಗೆ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹೆಸರಿತ್ತು. ನೂಲು ತೆಗೆಸುವ ರೀಲರುಗಳು ಬೇರೆಯವರ ಗೂಡನ್ನು ಮುರಿದು, ಕಿವಿಯ ಹತ್ತಿರ ಅಲುಗಾಡಿಸಿ, ಮೂಸಿ ನೋಡುತ್ತಿದ್ದರು. ಅವಳ ತಟ್ಟೆಯ ಮುಂದೆ ಬಂದರೆ "ಮುನಿಲಕ್ಷ್ಮಮ್ಮಂದಾ?" ಎಂದು ಕೇಳಿ, ಮುಟ್ಟದೆ ಮುಂದೆ ಹೋಗಿ, ಮೊಬೈಲಿನಲ್ಲಿ ರೇಟು ಒತ್ತುತ್ತಿದ್ದರು. ಹೀಗೆ ಮುಟ್ಟದೆ ಹೋಗುವುದೇ ಅವಳ ಸರ್ಟಿಫಿಕೇಟು. ಅದಕ್ಕೆ ಗಾಜು ಹಾಕಿಸಲು ಬರುತ್ತಿರಲಿಲ್ಲ, ಅಷ್ಟೇ.

ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಹುಳದ ಮನೆ ಮೂರು ವಾರ ಖಾಲಿ. ಖಾಲಿ ಜಾಗ ಕಂಡರೆ ತಿರುಮಲೇಶನಿಗೆ ತಡೆಯಲಾಗುತ್ತಿರಲಿಲ್ಲ. ಕೊಬ್ಬರಿ ಎಣ್ಣೆಯ ಟಿನ್ನು, ಮರದ ಅಚ್ಚು, ಒಂದು ಕಡೆಯುವ ಮೆಷಿನ್ ತಂದು ಅಲ್ಲೇ ಹೂಡಿದ. ಕೊನೆಗೆ ಆನ್‌ಲೈನಿನಲ್ಲಿ ತರಿಸಿದ ಪುಡಿಗಳು ಬಂದವು: ಚಿನ್ನದ್ದು, ತಾಮ್ರದ್ದು, ನೇರಳೆ, ಮತ್ತೆ ಮುತ್ತಿನಂಥ ಬಿಳಿ. ಬಿಳಿಯದನ್ನು ಸಗಟು ದರದಲ್ಲಿ ಅಗ್ಗ ಎಂದು ಒಂದು ಕೇಜಿ ತರಿಸಿದ್ದ. ಒಂದು ಅಚ್ಚಿನ ಸೋಪಿಗೆ ಒಂದು ಚಮಚ ಸಾಕು. ಆ ಒಂದು ಕೇಜಿಯಲ್ಲಿ ಜಿಲ್ಲೆಯನ್ನೇ ಮಿಂಚಿಸಬಹುದಿತ್ತು.

ಮುನಿಲಕ್ಷ್ಮಿ ಬೆರಳ ತುದಿಗೆ ಒಂದಿಷ್ಟು ಹಚ್ಚಿಕೊಂಡು ಬಿಸಿಲಿಗೆ ಹಿಡಿದಳು.

"ಇದು ಕಾಗೆಬಂಗಾರ ಅಲ್ವಾ? ಬಂಡೆ ಒಡೆಯೋ ಕಡೆ ಹಾಳೆ ಹಾಳೆ ಬಿದ್ದಿರ್ತಿತ್ತು. ಚಿಕ್ಕೋರಿದ್ದಾಗ ಬೊಂಬೆಗೆ ಅಂಟಿಸ್ತಿದ್ವಲ್ಲ."

"ಮೈಕಾ ಕಣೇ. ಕಾಸ್ಮೆಟಿಕ್ ಗ್ರೇಡು."

"ಇದನ್ನ ಮೈಗೆ ಉಜ್ಜಿದ್ರೆ ಏನಾಗ್ತದೆ?"

"ಏನೂ ಆಗಲ್ಲ. ನೋಡಕ್ಕೆ ಚೆನ್ನಾಗಿರ್ತದೆ."

"ಹಂಗಾದ್ರೆ ನಿನ್ನ ಜಾತೀದೇ" ಎಂದು ಅವಳು ಬೆರಳನ್ನು ಅವನ ಅಂಗಿಗೇ ಒರೆಸಿದಳು.

ಮೊದಲ ಆರ್ಡರು ಗೌರಿಬಿದನೂರಿನಿಂದ ಬಂತು. ಅಲ್ಲಿ ರಸಗೊಬ್ಬರದ ಅಂಗಡಿ ಇಟ್ಟಿದ್ದ ರಮೇಶ್‌ಬಾಬು ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆ ಬಂದವರಿಗೆ ತಾಂಬೂಲದ ಜೊತೆ ಸ್ಟೀಲ್ ಬಟ್ಟಲು ಕೊಡುವುದು ಹಳೇ ಕಾಲವಾಯಿತೆಂದು ಅವರ ಹೆಂಡತಿ ಶ್ಯಾಮಲಮ್ಮನವರಿಗೆ ಯಾರೋ ಹೇಳಿದ್ದರು. ಅವರಿಗೆ ಮುನ್ನೂರು ಕೈಸೋಪು ಬೇಕು, ಅದೂ ಅವರು ಅಂದು ಉಡುವ ಸೀರೆಯ ಬಣ್ಣದ್ದೇ ಬೇಕು, ನಡುವೆ ಚಿನ್ನದ ಗೆರೆ ಬೇರೆ. ಸೀರೆಯ ಜೊತೆ ಬಂದ ಬ್ಲೌಸ್ ಪೀಸಿನ ಒಂದು ಚೂರನ್ನು ಕವರಿನಲ್ಲಿ ಹಾಕಿ ಕಳಿಸಿಕೊಟ್ಟರು. ನೇರಳೆ ಬಣ್ಣ. ತಿರುಮಲೇಶ್ ಅದನ್ನು ಕನ್ನಡಿಯ ಮೂಲೆಗೆ ಸಿಕ್ಕಿಸಿ, ದಿನಾ ಬೆಳಿಗ್ಗೆ ತಲೆ ಬಾಚುವಾಗ ನೋಡಿ ಸ್ಫೂರ್ತಿ ಪಡೆದ.

ನೇರಳೆ ಪುಡಿ ಹಾಕಿ ಕಡೆದಾಗ ಸೋಪು ನೇರಳೆಯಾಗಿಯೇ ಇತ್ತು. ಮಧ್ಯಾಹ್ನಕ್ಕೆ ಬೂದಿಯಾಯಿತು. ಮಾರನೇ ದಿನ ಅಚ್ಚು ಬಿಚ್ಚಿದರೆ ಹುರುಳಿ ಬೇಯಿಸಿದ ನೀರಿನ ಬಣ್ಣ. ಕೆಲವು ಬಣ್ಣಗಳನ್ನು ಸೋಡಾ ತಿಂದುಹಾಕುತ್ತದೆ ಎಂದು ಪುಡಿಯ ಪೊಟ್ಟಣದ ಹಿಂದೆಯೇ ಬರೆದಿತ್ತು. ಆದರೆ ಅದು ಸಣ್ಣಕ್ಷರ, ತಿರುಮಲೇಶನಿಗೆ ಕನ್ನಡಕ ಹಾಕಿದರೆ ವಯಸ್ಸು ಕಾಣುತ್ತದೆಂಬ ಭಯ.

"ವಿಂಟೇಜ್ ಶೇಡು ಬಂದಿದೆ" ಎಂದ.

"ಸಗಣಿಗೂ ಹಂಗೇ ಹೇಳ್ಬೋದಲ್ಲ" ಎಂದಳು ಮುನಿಲಕ್ಷ್ಮಿ. "ಬಾವ, ಇನ್ನು ನಾಕ್ ದಿನಕ್ಕೆ ಮರಿಹುಳ ಬರ್ತವೆ. ನಾನು ಮನೆ ತೊಳೀಬೇಕು. ಇದನ್ನೆಲ್ಲ ಎತ್ತು."

"ಸೋಪು ಆರು ವಾರ ಒಣಗ್ಬೇಕು ಕಣೇ. ಅದರದ್ದೂ ಒಂದು ಬಾಣಂತನ ಇದ್ದಂಗೆ."

"ನಿನ್ನ ಸೋಪಮ್ಮ ನಡುಮನೇಲಿ ಬಾಣಂತನ ಮಾಡ್ಕಳ್ಳಿ. ಇದು ನನ್ನ ಹುಳದ ಮನೆ. ಲಾವೆಂಡರ್ ವಾಸ್ನೆಗೆ ಒಂದು ಹುಳ ಮೇವು ಬಿಟ್ರೂ ನಿನ್ನ ಅಚ್ಚಲ್ಲಿ ನಿನ್ನೇ ಹಾಕಿ ಕುಯ್ತೀನಿ."

ಕೊಯ್ದಾಳೆಂಬ ನಂಬಿಕೆ ಅವನಿಗಿತ್ತು. ಮುನ್ನೂರು ಸೋಪು ನಡುಮನೆಗೆ ಬಂದವು. ಅಲ್ಲಿ ಅವನು ಗಡ್ಡ ಹೊಡೆಯುವ ಬ್ರಷ್ಷು ತೆಗೆದುಕೊಂಡು, ಹುರುಳಿಕಟ್ಟಿನ ಬಣ್ಣ ಕಾಣದ ಹಾಗೆ ಒಂದೊಂದರ ಮೇಲೂ ಒಣ ಚಿನ್ನದ ಪುಡಿ ಬಳಿದ. ಮನೆದೇವರ ಪಟಕ್ಕೂ ಒಂದಿಷ್ಟು ತಾಗಿತು. ಮುನಿಲಕ್ಷ್ಮಿ ಎರಡು ದಿನ ಬ್ಲೀಚಿಂಗ್ ಪೌಡರು, ಎರಡು ದಿನ ಸುಣ್ಣ ಎಂದು ಹುಳದ ಮನೆಯನ್ನು ತಿಕ್ಕಿ, ಬಾಗಿಲು ತೆರೆದಿಟ್ಟು ಮೂಗಿನಿಂದಲೇ ಪರೀಕ್ಷೆ ಮಾಡಿ, ಮರಿಹುಳು ಬಿಟ್ಟಳು.

ರೇಷ್ಮೆಹುಳುವಿಗೆ ನಾಲ್ಕು ಸಲ ಜ್ವರ ಬರುತ್ತದೆ. ಅದು ಕಾಯಿಲೆಯಲ್ಲ, ಪೊರೆ ಬಿಡುವ ಕಾಲ. ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಒಂದು ದಿನ ಕೂತಿರುತ್ತವೆ. ಎದ್ದ ತಕ್ಷಣ ಅವುಗಳ ಮೇಲೆ ರೋಗ ತಡೆಯುವ ಬಿಳಿ ಪುಡಿಯನ್ನು ತೆಳುಬಟ್ಟೆಯಲ್ಲಿ ಕಟ್ಟಿ ಉದುರಿಸಬೇಕು, ಅರ್ಧ ಗಂಟೆ ಬಿಟ್ಟು ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಅದರಲ್ಲೂ ನಾಲ್ಕನೆಯ ಜ್ವರ ಎದ್ದ ಗಳಿಗೆ ಮುಖ್ಯ. ಆಮೇಲೆ ಏಳೆಂಟು ದಿನ ತಿಂದು ಗೂಡು ಕಟ್ಟುವ ಹುಳುಗಳು ಅವು. ಇಪ್ಪತ್ತೇಳು ವರ್ಷದಲ್ಲಿ ಆ ಪುಡಿಯನ್ನು ಮುನಿಲಕ್ಷ್ಮಿ ಇನ್ನೊಬ್ಬರ ಕೈಗೆ ಕೊಟ್ಟಿರಲಿಲ್ಲ.

ಗೃಹಪ್ರವೇಶ ನಾಲ್ಕನೆಯ ಜ್ವರ ಏಳುವ ದಿನವೇ ಬಿತ್ತು.

ನೇರಳೆ ಕೇಳಿದವರಿಗೆ ಚಿನ್ನ ಬಳಿದ ಹುರುಳಿಕಟ್ಟು ಕೊಡಲು ತಿರುಮಲೇಶನಿಗೆ ಮುಖವಿರಲಿಲ್ಲ. "ನೀನೇ ಹೋಗೇ. ಹೆಂಗಸ್ರು ಹೆಂಗಸ್ರು ಮಾತಾಡ್ಕಂಡ್ರೆ ನೈಸಾಗಿರ್ತದೆ. ಹುಳದ ಮನೆ ನಾನು ನೋಡ್ಕಂತೀನಿ."

"ನೀನಾ?"

"ಪುಡಿ ಉದುರ್ಸೋದು ತಾನೆ? ಮುನ್ನೂರು ಸೋಪಿಗೆ ಬ್ರಷ್ ಹಿಡ್ದ ಕೈ ಇದು."

ಆ ಕೈಯನ್ನು ನಂಬಬಾರದು ಎಂದು ಅವಳಿಗೆ ಅನಿಸಿತು. ಆದರೆ ಮುಂಗಡ ಇಸಕೊಂಡಾಗಿತ್ತು, ಶುಭಕಾರ್ಯದವರ ಮನೆಗೆ ಕೈಕೊಟ್ಟರೆ ಕೆಡುವ ಹೆಸರಿನಲ್ಲಿ ತನ್ನದೂ ಇತ್ತು. ಬಿಳಿ ಮುಚ್ಚಳದ ಡಬ್ಬಿ, ಬಾಗಿಲ ಪಕ್ಕದ ಗೋಡೆಗೂಡಿನಲ್ಲಿದೆ, ಮೊದಲ ಸ್ಟ್ಯಾಂಡಿನಿಂದ ಶುರುಮಾಡು, ಎಂದು ಮೂರು ಸಲ ಹೇಳಿ ಬಸ್ಸು ಹತ್ತಿದಳು. ಬಾಗಿಲ ಪಕ್ಕದ ಗೂಡಿನಲ್ಲಿ ಬಿಳಿ ಮುಚ್ಚಳದ ಡಬ್ಬಿ ಎರಡಿದ್ದವು. ಒಂದು ಅವಳದು. ಇನ್ನೊಂದು ಖಾಲಿ ಡಬ್ಬಿಗೆ ಹಿಂದಿನ ರಾತ್ರಿ ಸೋಪು ಕಟ್ಟುವ ಅವಸರದಲ್ಲಿ ಅವನೇ ಒಂದು ಕೇಜಿ ಮುತ್ತಿನ ಬಿಳಿ ಸುರಿದು, ಅಲ್ಲಿಟ್ಟು ಮರೆತಿದ್ದ. ತನ್ನದೊಂದೇ ಡಬ್ಬಿ ಇದ್ದ ಜಾಗಕ್ಕೆ ಮುನಿಲಕ್ಷ್ಮಿ ಬೇರೆ ಗುರುತಾದರೂ ಏಕೆ ಹೇಳಿಯಾಳು?

ಗೌರಿಬಿದನೂರಿನಲ್ಲಿ ಶ್ಯಾಮಲಮ್ಮ ಸೋಪಿನ ಡಬ್ಬ ತೆರೆದು ಒಂದನ್ನು ಸೀರೆಯ ಪಕ್ಕ ಹಿಡಿದು ನೋಡಿದರು. ಆಮೇಲೆ, "ಚಿನ್ನ ಚೆನ್ನಾಗೇ ಇದೆ ಬಿಡಮ್ಮ" ಎಂದರು. ಚಿನ್ನ ಎಂಬ ಪದದ ಮಹಿಮೆ ಅದು. ನಾಲ್ಕು ಸೋಪನ್ನು ಬಿಚ್ಚಿ ಕೈತೊಳೆಯುವ ಜಾಗದಲ್ಲಿ ಇಟ್ಟರು, ಬಂದವರು ನೋಡಿ ಮೆಚ್ಚಲಿ ಎಂದು.

ಬಂದವರು ನೋಡಿದರು, ಮೆಚ್ಚಿದರು, ಉಜ್ಜಿದರು. ಒಣಗಿದ ಸೋಪಿನ ಮೇಲೆ ಬ್ರಷ್ಷಿನಿಂದ ಬಳಿದ ಪುಡಿ ಮೊದಲ ಉಜ್ಜಿಗೇ ಕೈಗೆ ಬರುತ್ತದೆ. ಒಂದು ದಿನದ ಕಲಿಕೆಯಲ್ಲಿ ಅದು ಊಟದ ಒಂದೂವರೆ ಗಂಟೆಯ ಪಾಲಿಗೆ ಹೋಗಿರಬೇಕು. ಮೊದಲ ಪಂಕ್ತಿಯವರು ಚಿನ್ನದ ಕೈಯಲ್ಲಿ ಒಬ್ಬಟ್ಟು ಮುರಿದರು. ರಮೇಶ್‌ಬಾಬು ಅವರ ಮಾವನವರ ಬಿಳಿ ಪಂಚೆಯ ಎರಡು ತೊಡೆಯ ಮೇಲೂ ಐದೈದು ಬೆರಳಿನ ಚಿನ್ನದ ಗುರುತು ಮೂಡಿತು. ಪುರೋಹಿತರು ಹಣೆ ಒರೆಸಿಕೊಂಡು ಕಿರೀಟಧಾರಿಯಾದರು. ಶ್ಯಾಮಲಮ್ಮ ಬಂದವರ ಕೈ ಹಿಡಿದು ಮಾತಾಡಿಸಿ, ಅದೇ ಕೈಯಲ್ಲಿ ನೇರಳೆ ಸೀರೆಯ ನೆರಿಗೆ ಸರಿಮಾಡಿಕೊಂಡರು.

ರಮೇಶ್‌ಬಾಬು ಅಡುಗೆಮನೆಯ ಬಾಗಿಲಲ್ಲಿ ಮುನಿಲಕ್ಷ್ಮಿಯನ್ನು ಹಿಡಿದರು. "ಏನಮ್ಮಾ ಇದು! ನೆಂಟ್ರನ್ನೆಲ್ಲ ನಾಟಕದ ಕಂಪ್ನಿ ಮಾಡ್ಬಿಟ್ರಲ್ಲ! ಹೆಂಗಮ್ಮ ಹೋಗೋದು ಇದು?"

"ಸೋಪು ಹಾಕಿ ತೊಳ್ಕಳ್ಳಿ ಅನ್ನಣ ಅಂದ್ರೆ, ಬರ್ತಿರೋದೇ ಸೋಪಿಂದ ಅಣ್ಣ" ಎಂದಳು ಮುನಿಲಕ್ಷ್ಮಿ. "ಕಡ್ಲೆಹಿಟ್ಟಿದ್ರೆ ಕೊಡ್ರಿ, ನಾನೇ ನಿಂತು ತೊಳಿಸ್ತೀನಿ."

ಹಿಟ್ಟು ಹಿಡಿದು ನಲ್ಲಿಯ ಹತ್ತಿರ ನಿಂತು ಮೂವತ್ತು ನಲವತ್ತು ಜನರ ಕೈ ತೊಳೆಸಿದಳು. ನಡುವೆ ಬಿಡುವು ಸಿಕ್ಕಾಗ ಮನೆಗೆ ಫೋನು ಮಾಡಿದಳು.

"ಎದ್ವಾ ಬಾವ? ಪುಡಿ ಹಾಕಿದ್ಯಾ?"

"ಹಾಕ್ದೆ ಕಣೇ. ಮೊದಲ್ನೇ ಸ್ಟ್ಯಾಂಡಿಗೆ ಒಂದು ಡಬ್ಬಿ ಸರಿಯಾಯ್ತು, ಮಿಕ್ಕಿದ್ದಕ್ಕೆ ಇನ್ನೊಂದು. ಮೊದಲ್ನೇ ಸ್ಟ್ಯಾಂಡಲ್ಲಂತೂ ಫಳಫಳ ಅಂತಿದಾವೆ!"

ಒಳ್ಳೆ ಹುಳು ಹೊಳೆಯುತ್ತದೆ. ಅವಳು ನೆಮ್ಮದಿಯಿಂದ ಫೋನು ಇಟ್ಟಳು. ಬಸ್ಸು ಚಿಕ್ಕಬಳ್ಳಾಪುರ ಬಿಟ್ಟು ಶಿಡ್ಲಘಟ್ಟದ ರಸ್ತೆಗೆ ಬಿದ್ದಾಗ ಅವಳಿಗೆ ಇನ್ನೊಂದು ವಿಷಯ ಹೊಳೆಯಿತು. ಒಳ್ಳೆ ಹುಳು ಹೊಳೆಯುತ್ತದೆ ನಿಜ. ಆದರೆ ಸುಣ್ಣದಂಥ ಪುಡಿ ಉದುರಿಸಿದ ಮೇಲೆ ಯಾವ ಹುಳುವೂ ಹೊಳೆಯುವುದಿಲ್ಲ, ಹಿಟ್ಟಿನಲ್ಲಿ ಹೊರಳಿದಂತೆ ಮಂಕಾಗುತ್ತದೆ. ಮತ್ತೆ, ತನ್ನ ಗೂಡಿನಲ್ಲಿದ್ದದ್ದು ಒಂದೇ ಡಬ್ಬಿ! ಅಲ್ಲಿಂದ ಊರಿನ ತನಕ ಫೋನು ಮಾಡಿದಳು. ಅವನು ಎತ್ತಲಿಲ್ಲ. ಫೋನಿನಲ್ಲಿ ಅವನು ವಿಡಿಯೋ ಮಾಡುತ್ತಿದ್ದ.

ನಾಲ್ಕು ಗಂಟೆಗೆ ಹುಳದ ಮನೆಯ ಬಾಗಿಲು ತಳ್ಳಿದರೆ, ಮೊದಲ ಸ್ಟ್ಯಾಂಡಿನ ಮೂರಂತಸ್ತಿನಲ್ಲೂ ಸಾವಿರಾರು ಹುಳುಗಳು ಮದುವೆಗೆ ಹೊರಟವರ ಹಾಗೆ ಮಿಂಚುತ್ತಾ ತಲೆ ಆಡಿಸುತ್ತಿದ್ದವು. ಸೊಪ್ಪಿನ ಮೇಲೂ ಮಿಂಚು. ಅರ್ಧಕ್ಕರ್ಧ ಹುಳು ಮೇವು ಮುಟ್ಟಿರಲಿಲ್ಲ. ತಿರುಮಲೇಶ್ ಕಿಟಕಿಯ ಬೆಳಕಿಗೆ ಮೊಬೈಲ್ ಹಿಡಿದು ಹೇಳುತ್ತಿದ್ದ: "ಫ್ರೆಂಡ್ಸ್, ಇದು ನಮ್ಮ ಪರ್ಲ್ ಬ್ಯಾಚು..."

ಅವಳು ಬೈಯಲಿಲ್ಲ. ಬೈಯಲು ಹೊತ್ತಿರಲಿಲ್ಲ. ಸೆರಗು ಸಿಕ್ಕಿಸಿ, ಹೊಸ ಕಡ್ಡಿಸೊಪ್ಪು ತಂದು ಹುಳುಗಳ ಮೇಲೆ ಹಗುರವಾಗಿ ಹಾಸಿದಳು. ಹಸಿದವು ಒಂದೊಂದಾಗಿ ಹಳೆಯದನ್ನು ಬಿಟ್ಟು ಮೇಲಕ್ಕೆ ಹತ್ತಿದವು. ಹತ್ತಿದ ಕಡ್ಡಿಗಳನ್ನು ಹುಳು ಸಮೇತ ಎತ್ತಿ ಚೊಕ್ಕ ಕಾಗದದ ಹಾಸಿಗೆಗೆ ಬದಲಿಸಿದಳು. ಕೆಳಗೆ ಉಳಿದ ಮಿಂಚನ್ನೆಲ್ಲ ಸುತ್ತಿ ತಿಪ್ಪೆಗೆ ಹೊರಲು ತಿರುಮಲೇಶನ ತಲೆಯ ಮೇಲಿಟ್ಟಳು. ಮಾರನೇ ದಿನ ಇನ್ನೊಮ್ಮೆ ಹಾಗೇ ಮಾಡಿದಳು. ಒಂದು ಅಂತಸ್ತಿನಷ್ಟು ಹುಳು ಸತ್ತವು. ಮಿಕ್ಕವು ತಿಂದವು, ಬಲಿತು ಹಣ್ಣಾದವು, ಗೂಡು ಕಟ್ಟಿದವು.

ಗೂಡು ಬಿಡಿಸುವಾಗ ಮೊದಲ ಸ್ಟ್ಯಾಂಡಿನದ್ದರ ಮೇಲುನೂಲಿನಲ್ಲಿ ಒಂದು ಸಣ್ಣ ಮಿಂಚು ಉಳಿದಿತ್ತು. ಮುನಿಲಕ್ಷ್ಮಿ ಅವನ್ನು ಬೇರೆ ರಾಶಿ ಮಾಡಿದಳು.

"ಬೆರೆಸ್ಬಿಡೇ, ಯಾರಿಗೆ ಗೊತ್ತಾಗ್ತದೆ?" ಎಂದ ತಿರುಮಲೇಶ್.

"ಬೆರ್ಸಿದ್ದು ಸಾಕು ಬಾವ. ನಿನ್ನ ಜೀವಮಾನಕ್ಕಾಗೋವಷ್ಟು ಬೆರ್ಸಿದೀಯ."

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಅವಳು ಎರಡು ರಾಶಿಯನ್ನೂ ಎರಡು ಲಾಟು ಮಾಡಿ ತಟ್ಟೆಗೆ ಸುರಿದು, ಚೀಟಿ ಬರೆಸಲು ಹೋದಳು. ವಾಪಸು ಬರುವಷ್ಟರಲ್ಲಿ ತಿರುಮಲೇಶ್ ಏಳೆಂಟು ರೀಲರುಗಳನ್ನು ಕಲೆಹಾಕಿ ಭಾಷಣ ಶುರುಮಾಡಿದ್ದ. ಪರ್ಲ್ ಗೂಡು, ಹೊಸ ತಳಿ, ಇಡೀ ರಾಜ್ಯದಲ್ಲಿ ನಮ್ಮಲ್ಲೇ ಮೊದಲು. ರೀಲರುಗಳು ಮಿಂಚುವ ಗೂಡನ್ನು ಉಜ್ಜಿ ಬೆರಳು ನೋಡಿಕೊಂಡರು. ಆಮೇಲೆ, ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ, ಪಕ್ಕದ ಬಿಳಿ ರಾಶಿಗೂ ಕೈಹಾಕಿ ಒಂದು ಗೂಡು ಮುರಿದು ಮೂಸಿದರು.

ಹರಾಜು ಶುರುವಾಯಿತು. ಬೋರ್ಡಿನ ಮೇಲೆ ಎಲ್ಲ ಲಾಟಿನ ಮುಂದೂ ರೇಟು ಬಂತು. ಅವಳ ಎರಡು ಲಾಟಿನ ಮುಂದೆ ಏನೂ ಇಲ್ಲ.

ಅವಳ ಗೂಡನ್ನು ವರ್ಷಗಟ್ಟಲೆ ಕೊಂಡಿದ್ದ ಮುದುಕ ರೀಲರು ಕೋನಪ್ಪ ಹತ್ತಿರ ಬಂದ. "ಏಮ್ಮಾ ಮುನಿಲಕ್ಷ್ಮಮ್ಮ, ಇದೇನಮ್ಮ ಇದು? ತೂಕ ಬರ್ಲಿ ಅಂತ ಏನಾದ್ರೂ ಪುಡಿ ಹಾಕಿದೀಯಾ? ನೀನೂನಾ?"

ತಿರುಮಲೇಶ್ ಹಿಂದಿನಿಂದ ಅವಳ ಮೊಣಕೈ ಒತ್ತಿದ. ಹೊಸ ತಳಿ ಅನ್ನು ಎಂದು ಬಾಯಾಡಿಸಿದ. ಆ ಮಾತು ಹೇಳಿದರೆ ಗಂಡನ ಮಾನ ಉಳಿಯುತ್ತಿತ್ತು. ಮುನಿಲಕ್ಷ್ಮಿ ಸುತ್ತ ನೋಡಿದಳು. ಮಾರುಕಟ್ಟೆ ತುಂಬಾ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ರೈತರು, ರೀಲರುಗಳು, ಅವಳಿಗೆ ಗೊತ್ತಿರುವ ಮುಖಗಳೇ. ಅವರಿಗೆಲ್ಲ ಕೇಳಿಸುವ ಹಾಗೆ ಗಂಟಲೆತ್ತಿದಳು.

"ತೂಕಕ್ಕಲ್ಲ ಕೋನಪ್ಪಣ್ಣ! ನಮ್ಮನೆಯೋನು ಸೋಪು ಮಾಡಕ್ಕೆ ಕಾಗೆಬಂಗಾರದ ಪುಡಿ ತಂದಿದ್ದ. ಜ್ವರ ಎದ್ದ ಹುಳಕ್ಕೆ ಸುಣ್ಣದ ಪುಡಿ ಹಾಕು ಅಂದ್ರೆ ಅದನ್ನ ಹಾಕ್ದ. ಹೊಸ ತಳೀನೂ ಇಲ್ಲ, ಪರ್ಲೂ ಇಲ್ಲ. ಒಂದು ಸ್ಟ್ಯಾಂಡಿನ ಹುಳಕ್ಕೆ ಮಾತ್ರ ಬಿತ್ತು, ಅದನ್ನ ಬೇರೆ ಇಟ್ಟಿದೀನಿ. ಬಿಳಿದು ಯಾವತ್ತಿನಂಗೇ ಇದೆ. ಬೇಕಾದ್ರೆ ಇನ್ನೂ ನೂರು ಮುರ್ದು ನೋಡ್ರಿ!"

ಮೊದಲು ಯಾರೋ ಒಬ್ಬ ನಕ್ಕ, ಅವನಿಂದ ಪಕ್ಕದವನು, ಅಲ್ಲಿಂದ ತೂಕದ ಕಾಟಾದವರೆಗೂ ನಗು ಓಡಿತು.

"ತಿರುಮಲೇಶಣ್ಣ, ನಮ್ಮ ಹುಳಕ್ಕೂ ಒಂದಿಷ್ಟು ಸ್ನೋ ಪೌಡರ್ ಹಾಕ್ಕೊಡಣ್ಣ!"

"ಲಿಪ್‌ಸ್ಟಿಕ್ ಹಚ್ಚಿದ್ಯೇನಣ್ಣ? ಹುಳಕ್ಕೆ ತುಟಿ ಎಲ್ಲಿರ್ತದೆ ಹೇಳ್ಕೊಡು!"

ಕೋನಪ್ಪ ನಗಲಿಲ್ಲ. ಹತ್ತು ಮಿಂಚುವ ಗೂಡು ಎತ್ತಿಕೊಂಡು ಹೋಗಿ, ಟೀ ಅಂಗಡಿಯ ಬಿಸಿನೀರಿನ ಜಗ್ಗಿನಲ್ಲಿ ಅದ್ದಿ, ಮೇಲುನೂಲು ಕಿತ್ತು ನೋಡಿದ. ಮಿಂಚು ಮೇಲೇ ಬಂತು. ಒಳಗೆ ಎಳೆ ಬೆಳ್ಳಗೆ, ಕಡಿಯದೆ ಬಂತು. ಎರಡನೇ ಸುತ್ತಿನಲ್ಲಿ ಅವಳ ಬಿಳಿ ಲಾಟಿಗೆ ಆ ದಿನದ ಒಳ್ಳೆಯ ರೇಟೇ ಬಿತ್ತು. ಮಿಂಚಿನದಕ್ಕೆ ಕಮ್ಮಿ ಬಿತ್ತು, ಅವಳು ಎರಡಕ್ಕೂ ಒಪ್ಪಿದಳು.

"ಮುಂದಿನ ಬೆಳೆ ನಂಗೇ ಹೇಳಮ್ಮ" ಎಂದು ಕೋನಪ್ಪ ಹೊರಟ.

ತಿರುಮಲೇಶ್ ಬೇವಿನ ಮರದ ಕೆಳಗೆ, ಯಾರಿಗೂ ಮುಖ ಕಾಣದ ಹಾಗೆ ನಿಂತಿದ್ದ. ಮುನಿಲಕ್ಷ್ಮಿ ಬಂದದ್ದೇ ತಡ, "ಮೂರು ತಾಲ್ಲೂಕಿನ ಜನದ ಮುಂದೆ ನನ್ನ ಮರ್ಯಾದೆ ತೆಗೆದೆಯಲ್ಲೇ!" ಎಂದ.

"ಇಬ್ರುದೂ ಉಳಿಯೋ ಹಂಗಿರ್ಲಿಲ್ಲ ಬಾವ. ನಂದು ಸಂಪಾದ್ಸಕ್ಕೆ ಜಾಸ್ತಿ ದಿನ ಹಿಡಿದಿತ್ತು. ಅದನ್ನೇ ಉಳಿಸ್ಕಂಡೆ."

ಅವನು ಮುಖ ಊದಿಸಿಕೊಂಡು ಹೊರಟ. ಆದರೆ ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಅರ್ಧ ಫರ್ಲಾಂಗು ನಡೆಯುವಷ್ಟರಲ್ಲಿ ಅವನ ಮುಖಕ್ಕೆ ಕಳೆ ಬಂತು.

"ಮುನೀ, ಆ ಪುಡಿ ಇನ್ನೂ ಎರಡು ಬಣ್ಣ ಹಂಗೇ ಉಳಿದಿದೆ. ಮೇಣದಬತ್ತಿಗೆ..."

ಅವಳು ಖಾಲಿ ಗೂಡಿನ ಚೀಲಗಳ ಗಂಟನ್ನು ಅವನ ಹೆಗಲಿಗೇರಿಸಿ, ಮುಂದೆ ನಡೆದಳು.